ಅಳಿಯನ ಚೀಲ ಹೊತ್ತ ವರ್ಷ

ಅಳಿಯನ ಗಾಲ್ಫ್ ಚೀಲವನ್ನು ಅತ್ತೆ ಹೊರುವುದು ಎಲ್ಲಾದರೂ ಉಂಟೇ ಎಂದು ಕೇಳಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಉಂಟು. ಇಡೀ ಒಂದು ಋತು ಹೊತ್ತಳು. ಅದೂ ಅರವತ್ತು ದಾಟಿದ ಮೇಲೆ, ಎರಡೂ ಮಂಡಿಗೆ ಪಟ್ಟಿ ಬಿಗಿದುಕೊಂಡು, ಯಾರ ಬಲವಂತವೂ ಇಲ್ಲದೆ.

ಮೊದಲು ಅಳಿಯನ ವಿಚಾರ ಹೇಳಿಬಿಡಬೇಕು. ಅವನು ಗಾಲ್ಫ್ ಆಡಿಯೇ ಹೊಟ್ಟೆ ಹೊರೆಯುವವನು. ಆದರೆ ಟಿವಿಯಲ್ಲಿ ಬರುವ ದೊಡ್ಡ ಟೂರ್‌ನಲ್ಲಲ್ಲ, ಅದರ ಕೆಳಗಿನ ಎರಡನೇ ದರ್ಜೆಯ ಟೂರ್‌ನಲ್ಲಿ. ಅಲ್ಲಿ ವಾರಕ್ಕೊಂದು ಊರು, ವಾರಕ್ಕೊಂದು ಪಂದ್ಯ. ಹೆದ್ದಾರಿ ಪಕ್ಕದ ಲಾಡ್ಜುಗಳಲ್ಲಿ ಮಲಗಿ, ಕಾಲುಚೀಲವನ್ನು ಬಚ್ಚಲ ಸಿಂಕಿನಲ್ಲಿ ಒಗೆದು ಫ್ಯಾನಿನ ಕೆಳಗೆ ಹರವಿ, ಒದ್ದೆ ಹುಲ್ಲಿನ ಮೇಲೆ ವರ್ಷವಿಡೀ ಅಲೆದಾಡಿ, ಕೊನೆಗೆ ಮೊದಲ ಇಪ್ಪತ್ತು ಜನರೊಳಗೆ ನಿಂತವನಿಗೆ ಮಾತ್ರ ಮೇಲಿನ ಟೂರ್‌ನ ಬಾಗಿಲು ತೆರೆಯುತ್ತದೆ. ಉಳಿದವರಿಗೆ ಮತ್ತದೇ ಲಾಡ್ಜು, ಅದೇ ಸಿಂಕು. ಅಳಿಯ ಆ ಬಾಗಿಲು ಬಡಿಯುತ್ತಲೇ ಮೂವತ್ತೈದು ದಾಟಿದ್ದ. ಈ ವರ್ಷವೂ ಆಗದಿದ್ದರೆ ಆಟಕ್ಕೆ ಕೈಮುಗಿದು, ಮನೆ ಹತ್ತಿರದ ಮೈದಾನದಲ್ಲಿ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಅವನ ಕೈ ಚೆನ್ನಾಗಿತ್ತು, ಕೆಟ್ಟದ್ದು ಬಾಯಿ. ಚೆಂಡು ಒಂದು ಗೇಣು ಆಚೆ ಹೋದರೆ ಸಾಕು, ಕೋಲು ಗಾಳಿಯಲ್ಲಿ ಹಾರುತ್ತಿತ್ತು. ಅದರ ಹಿಂದೆಯೇ ಕಿವಿ ಮುಚ್ಚಿಕೊಳ್ಳುವಂಥ ಮಾತುಗಳೂ ಹಾರುತ್ತಿದ್ದವು. ಟೂರ್‌ನವರು ಅವನಿಗೆ ‘ಪಟಾಕಿ’ ಎಂದೇ ಹೆಸರಿಟ್ಟಿದ್ದರು. ಋತುವಿನ ಮೊದಲ ಪಂದ್ಯದಲ್ಲೇ ಅವನ ಕ್ಯಾಡಿ, ಅಂದರೆ ಚೀಲ ಹೊತ್ತು ಜೊತೆಗೆ ನಡೆಯುವವನು, ನಡು ಮೈದಾನದಲ್ಲಿ ಚೀಲ ಇಳಿಸಿ, “ನಿನ್ನ ಸಹವಾಸ ಸಾಕಪ್ಪ” ಎಂದು ಬಸ್ಸು ಹತ್ತಿಬಿಟ್ಟ. ಅಧಿಕಾರಿಗಳೂ ಅಂದೇ ಕರೆದು ಎಚ್ಚರಿಸಿದರು. ಈ ಋತುವಿನಲ್ಲಿ ಇನ್ನೊಮ್ಮೆ ಬಾಯಿ ಹರಿಯಬಿಟ್ಟರೆ ಒಂದು ಹೊಡೆತದ ದಂಡ. ಆಟಗಾರ ಬೈದರೂ ಅಷ್ಟೇ, ಅವನ ಕ್ಯಾಡಿ ಬೈದರೂ ಅಷ್ಟೇ.

ಅತ್ತೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳ ಪಾಲಿಗೆ ಅಳಿಯನೆಂದರೆ ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವನು. ತಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ, “ಮಂಡಿ ನೋವು ಹೇಗಿದೆ ಅತ್ತೆ?” ಎಂದು ವಿಚಾರಿಸುತ್ತಾನೆ, ಕುರ್ಚಿ ಎಳೆದುಕೊಡುತ್ತಾನೆ. ಮದುವೆಯಾಗಿ ಏಳು ವರ್ಷವಾದರೂ ಅವಳೆದುರು ಅವನ ದನಿ ಒಂದು ಮೆಟ್ಟಿಲೂ ಮೇಲೇರಿರಲಿಲ್ಲ.

ಹಾಗೆ ನೋಡಿದರೆ ಅಳಿಯನಿಗೂ ಅತ್ತೆಯ ಅಸಲಿ ಪರಿಚಯ ಇರಲಿಲ್ಲ. ಅವಳು ಆಯುಷ್ಯವೆಲ್ಲ ಊರಿನ ಬಸ್ಸು ಓಡಿಸಿ ನಿವೃತ್ತಳಾದವಳು. ಬಸ್ ಡಿಪೋದಲ್ಲಿ ಅವಳು ಬಾಯಿ ಬಿಟ್ಟರೆ ಮೆಕ್ಯಾನಿಕ್ಕುಗಳು ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದರು. ಅಡ್ಡ ನಿಂತ ಲಾರಿಗಳು ಅವಳು ಹಾರ್ನ್ ಹೊಡೆಯುವ ಮೊದಲೇ, ಅವಳು ಕಿಟಕಿಯಿಂದ ತಲೆ ಹೊರಹಾಕಿದ್ದನ್ನು ನೋಡಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಮಗಳು ಮದುವೆಗೆ ಮುಂಚೆ ಕೈ ಹಿಡಿದು ಬೇಡಿಕೊಂಡಿದ್ದಳು: “ಅಮ್ಮಾ, ನಿನ್ನ ದಮ್ಮಯ್ಯ, ಅವರ ಮುಂದೆ ಮಾತ್ರ ಬಾಯಿ ಬಿಡಬೇಡ.” ಅಂದಿನಿಂದ ಅಳಿಯನೆದುರು ಅತ್ತೆ ಬೆಣ್ಣೆಯಂಥ ಮಾತಿನವಳಾಗಿದ್ದಳು.

ಕ್ಯಾಡಿ ಓಡಿಹೋದ ಸುದ್ದಿ ಫೋನಿನಲ್ಲಿ ಬಂದಾಗ ಮಗಳು ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಸೋಫಾದಲ್ಲಿ ಕುಸಿದಿದ್ದಳು. “ಈಗ ಯಾರನ್ನ ಹುಡುಕೋದು? ಅವರ ಜೊತೆ ಯಾರೂ ಬರಲ್ಲ ಅಂತಾರಂತೆ.” ಯಾಕೆ ಬರುವುದಿಲ್ಲ ಎಂಬುದನ್ನು ಮಾತ್ರ ನುಂಗಿಕೊಂಡಳು. ಅತ್ತೆ ಆಗ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದಳು, ಅದೇ ದಿನ ಎರಡನೇ ಸಲ. ನಿವೃತ್ತಿಯಾದ ಮೇಲೆ ಕಂಡಕಂಡವರೆಲ್ಲ “ಇನ್ನಾದರೂ ವಿಶ್ರಾಂತಿ ತಗೊಳ್ಳಿ” ಎಂದು ಹೇಳಿ ಅವಳ ಪ್ರಾಣ ತೆಗೆದಿದ್ದರು.

“ಒಂದು ವಾರದ ಮಟ್ಟಿಗೆ ನಾನು ಹೋಗ್ಲಾ?” ಎಂದಳು.

ಮಗಳು ಮೊದಲು ನಕ್ಕಳು. ಆಮೇಲೆ ತಾಯಿಯನ್ನು ನೋಡಿದಳು, ಗಂಡನನ್ನು ನೆನೆಸಿಕೊಂಡಳು, ಏನೋ ಹೊಳೆದಂತೆ ಕಣ್ಣರಳಿಸಿದಳು. “ಹೋಗಮ್ಮಾ,” ಎಂದಳು. “ಇವತ್ತೇ ಹೋಗು.”

ಅಳಿಯ ಮೈದಾನದ ಗೇಟಿನಲ್ಲಿ ಕಾಯುತ್ತಿದ್ದ. ಸಂಕೋಚದಿಂದ ಹಿಡಿಯಷ್ಟಾಗಿದ್ದ. “ನಿಮಗ್ಯಾಕೆ ಅತ್ತೆ ಈ ತೊಂದ್ರೆ? ಚೀಲ ತುಂಬಾ ಭಾರ.”

“ಮೂರು ಮೂಟೆ ಅಕ್ಕಿ ಇಟ್ಕೊಂಡು ಬಸ್ ಹತ್ತೋರನ್ನ ನೋಡಿದೀನಿ. ಕೊಡಿ ಇಲ್ಲಿ. ಕೆಲಸ ಏನು ಹೇಳಿ.”

ಕೆಲಸ ಹೆಚ್ಚೇನಿರಲಿಲ್ಲ. ಚೀಲ ಹೊರಬೇಕು, ಕೇಳಿದ ಕೋಲು ಕೊಡಬೇಕು, ಚೆಂಡು ಮರಳಿನ ಗುಂಡಿಗೆ ಬಿದ್ದರೆ ಆಟವಾದ ಮೇಲೆ ಮರಳನ್ನು ಕುಂಟೆಯಿಂದ ಎಳೆದು ಸಮ ಮಾಡಬೇಕು. ಗ್ರೀನ್ ಎನ್ನುವ, ಬಾವುಟ ನೆಟ್ಟ ನುಣುಪು ಹುಲ್ಲಿಗೆ ಬಂದಾಗ ಚೆಂಡು ಒರೆಸಿ ಕೊಟ್ಟು, ಬಾವುಟ ಹಿಡಿದು ನಿಲ್ಲಬೇಕು. ಅಳಿಯ ಕೋಲುಗಳನ್ನು ಒಂದೊಂದಾಗಿ ತೋರಿಸಿದ. “ಇದು ಎಲ್ಲಕ್ಕಿಂತ ಉದ್ದದ್ದು ಅತ್ತೆ. ಡ್ರೈವರ್ ಅಂತಾರೆ.”

“ಪರವಾಗಿಲ್ಲ, ನಮ್ಮ ಕಡೆಯವರೂ ಒಬ್ಬರು ಇದಾರೆ,” ಎಂದಳು ಅತ್ತೆ. ಸಂಜೆಯೊಳಗೆ ಕ್ಯಾಡಿಗಳೆಲ್ಲ ಅವಳನ್ನು ‘ಡ್ರೈವರಮ್ಮ’ ಎಂದು ಕರೆಯತೊಡಗಿದ್ದರು.

ಅಂದು ಐದನೇ ಹೋಲ್‌ನಲ್ಲಿ ಅಳಿಯ ಮೊಳದಷ್ಟು ದೂರದಿಂದ ಚೆಂಡು ತಳ್ಳಿದ. ಅದು ಕುಳಿಯ ಅಂಚಿಗೆ ಹೋಗಿ, ಒಳಗೆ ಇಣುಕಿ ನೋಡಿ, ಬೇಡವೆಂದು ಪಕ್ಕಕ್ಕೆ ಸರಿಯಿತು. ಜೊತೆಗೆ ಆಡುತ್ತಿದ್ದವನು ಎರಡು ಹೆಜ್ಜೆ ಹಿಂದೆ ಹೋದ. ಅವನ ಕ್ಯಾಡಿ, ಒಬ್ಬ ಬೋಳುತಲೆಯವನು, ತಲೆ ತಗ್ಗಿಸಿಕೊಂಡ. ಅಳಿಯನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕೋಲು ಹಿಡಿದ ಕೈ ಮೇಲೆದ್ದಿತು. ಅಷ್ಟರಲ್ಲಿ ಬಾವುಟ ಹಿಡಿದು ನಿಂತ ಅತ್ತೆ ಕಣ್ಣಿಗೆ ಬಿದ್ದಳು. ಕೈ ನಿಧಾನವಾಗಿ ಕೆಳಗಿಳಿಯಿತು.

“ಹೋಗಲಿ ಬಿಡಿ ಅತ್ತೆ,” ಎಂದ.

ಬೋಳುತಲೆಯವನು ಆ ಸಂಜೆ ಕ್ಯಾಡಿಗಳ ಕೊಠಡಿಯಲ್ಲಿ ಅವಳಿಗೆ ತಾನೇ ಚಹಾ ಬಗ್ಗಿಸಿ ಕೊಟ್ಟು ಕೇಳಿದ: “ಅಮ್ಮಾ, ಏನು ಮಂತ್ರ ಹಾಕಿದ್ರಿ?”

“ಯಾರಿಗೆ?”

“ಪಟಾಕಿಗೆ!”

ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ಕೆರೆಗೆ ಬಿದ್ದ ಕೋಲುಗಳು, ಮರಕ್ಕೆ ಸಿಕ್ಕಿಕೊಂಡ ಕೋಲು, ಬೈಗುಳ ಕೇಳಿ ಅತ್ತುಬಿಟ್ಟ ಒಬ್ಬ ಪ್ರೇಕ್ಷಕ, ಎಲ್ಲ. ಅತ್ತೆ ನಂಬಲಿಲ್ಲ. “ನಮ್ಮ ಅಳಿಯಂದಿರಾ? ನೀವು ಬೇರೆ ಯಾರನ್ನೋ ನೋಡಿರ್ಬೇಕು.” ಆದರೆ ಮರುದಿನ ಗಮನವಿಟ್ಟು ನೋಡಿದಳು. ತಪ್ಪು ಹೊಡೆತ ಬಿದ್ದಾಗಲೆಲ್ಲ ಅಳಿಯನ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಹಾಗೆ ಮಾತು ನುಂಗುವುದು ಹೇಗೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಕೋಪ ಹೊರಗೆ ಬರಲು ದಾರಿಯಿಲ್ಲದೆ ಅಳಿಯನ ಆಟಕ್ಕೆ ಸಾವಧಾನ ಬಂತು. ಒಂದು ತಪ್ಪು ಹೊಡೆತದ ಹಿಂದೆ ಇನ್ನೆರಡು ಬರುವುದು ನಿಂತಿತು. ಒಂದು ವಾರಕ್ಕೆಂದು ಬಂದ ಅತ್ತೆ ಎರಡನೇ ವಾರಕ್ಕೂ ಉಳಿದಳು, ಮೂರನೆಯದಕ್ಕೂ ಉಳಿದಳು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಳೆಯ ವ್ಯಾನಿನ ಸ್ಟೀರಿಂಗ್ ತಾನಾಗಿಯೇ ಅವಳ ಕೈಗೆ ಬಂತು.

ಅತ್ತೆಗಂತೂ ಕಾಲಿಗೆ ಮತ್ತೆ ಚಕ್ರ ಬಂದಂತಾಯಿತು. ಹೊತ್ತು ಮೂಡುವ ಮುಂಚೆ ಥರ್ಮಾಸಿಗೆ ಚಹಾ ತುಂಬಿಸಿ, ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು ಕಾಗದದಲ್ಲಿ ಸುತ್ತಿ, ಇನ್ನೂ ಯಾರೂ ತುಳಿಯದ ಹುಲ್ಲಿನ ಮೇಲೆ ಮೊದಲ ಹೆಜ್ಜೆ ಇಡುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಸಮುದ್ರದ ಪಕ್ಕದ ಮೈದಾನದಲ್ಲಿ ಗಾಳಿ ಅವಳ ಟೋಪಿ ಹಾರಿಸಿಕೊಂಡು ಹೋಯಿತು. ಮೂವರು ಕ್ಯಾಡಿಗಳು ಚೀಲ ಬಿಟ್ಟು ಅದರ ಹಿಂದೆ ಓಡಿದರು. ಇನ್ನೊಂದು ಊರಿನಲ್ಲಿ ಕಾಗೆಯೊಂದು ಅಳಿಯನ ಚೆಂಡನ್ನು ಕಚ್ಚಿಕೊಂಡು ಹಾರಿತು. ಅಧಿಕಾರಿ ಬಂದು ಇನ್ನೊಂದು ಚೆಂಡನ್ನು ಅದೇ ಜಾಗದಲ್ಲಿ ಇಡಲು ಹೇಳಿದಾಗ, ಕಾಗೆಗೂ ನಿಯಮ ಬರೆದಿಟ್ಟವರ ಬಗ್ಗೆ ಅವಳಿಗೆ ಅಪಾರ ಗೌರವ ಹುಟ್ಟಿತು. ಮಂಡಿಗಳು ಯಾವಾಗಲೋ ದೂರು ಹೇಳುವುದನ್ನು ಬಿಟ್ಟಿದ್ದವು.

ಒಂದೇ ಒಂದು ಕೊರತೆ. ಅಳಿಯ ಪ್ರತಿ ಹೊಡೆತಕ್ಕೆ ಮುಂಚೆ ಮರ್ಯಾದೆಯಿಂದ ಕೇಳುತ್ತಿದ್ದ: “ಏನ್ ಮಾಡ್ಲಿ ಅತ್ತೆ? ಗಾಳಿ ಎದುರಿಗಿದೆಯಲ್ಲ?” ಅವಳು ಅಷ್ಟೇ ಮರ್ಯಾದೆಯಿಂದ ಹೇಳುತ್ತಿದ್ದಳು: “ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ.” ಒಳಗೆ ಅಭಿಪ್ರಾಯಗಳು ಕುದಿಯುತ್ತಿದ್ದವು, ಸರಿಯೋ ತಪ್ಪೋ, ಒಂದೊಂದು ಹೊಡೆತಕ್ಕೆ ಹತ್ತು ಹತ್ತು. ಬಾಯಿ ತೆರೆದರೆ ಬರೀ ಅಭಿಪ್ರಾಯ ಬಂದು ನಿಲ್ಲುವುದಿಲ್ಲ ಎಂಬ ಭಯಕ್ಕೆ ಪುದೀನಾ ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಋತು ಮುಗಿಯುತ್ತ ಬಂದಂತೆ ಅವಳಿಗೆ ಹೊಸ ಸಂಕಟ ಶುರುವಾಯಿತು. ಅಳಿಯ ಇಪ್ಪತ್ತರ ಗೆರೆಯ ಆಸುಪಾಸಿನಲ್ಲೇ ಮೇಲೆ ಕೆಳಗೆ ಆಡುತ್ತಿದ್ದ. ಗೆರೆಯೊಳಗೆ ಬರದಿದ್ದರೆ ಆಟವೇ ಬಿಡುತ್ತಾನೆ, ಅಲ್ಲಿಗೆ ಅವಳ ಓಡಾಟವೂ ಮುಗಿಯಿತು. ಬಂದರೆ ಮೇಲಿನ ಟೂರ್. ಅಲ್ಲಿ ಕ್ಯಾಡಿಗಳೆಂದರೆ ಆಟವನ್ನೇ ಅರೆದು ಕುಡಿದವರು. ಪೆಪ್ಪರ್‌ಮೆಂಟು ಚೀಪುವ ಅತ್ತೆಯಂದಿರಿಗೆ ಅಲ್ಲೇನು ಕೆಲಸ? ಗೆದ್ದರೂ ಬಾಲ್ಕನಿ, ಸೋತರೂ ಬಾಲ್ಕನಿ. ಹಾಗಿದ್ದೂ ಅವಳು ಅವನು ಗೆಲ್ಲಲೆಂದೇ ಬಯಸಿದಳು. ಆದರೆ ಈ ಚೀಲವನ್ನು ಬಿಡಲು ಮಾತ್ರ ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಯಾರ ಹತ್ತಿರ ಹೇಳಿಕೊಳ್ಳುವುದು? ಮಗಳಿಗೆ ಹೇಳಿದರೆ ನಗುತ್ತಾಳೆ, ಅಳಿಯನಿಗೆ ಹೇಳಿದರೆ ಮುಲಾಜಿಗೆ ಬಿದ್ದು ಹೂಂ ಅಂದುಬಿಡುತ್ತಾನೆ. ಮುಲಾಜಿನ ಹೂಂ ಅವಳಿಗೆ ಬೇಕಿರಲಿಲ್ಲ.

ಕೊನೆಯ ಪಂದ್ಯದ ಕೊನೆಯ ಮಧ್ಯಾಹ್ನ, ಇನ್ನು ಎರಡೇ ಹೋಲ್ ಬಾಕಿ ಇದ್ದಾಗ, ಬೋಳುತಲೆಯವನು ಓಡುತ್ತ ಬಂದು ಸುದ್ದಿ ಮುಟ್ಟಿಸಿದ. ಅಳಿಯ ಗೆರೆಯೊಳಗಿದ್ದ, ಒಂದು ಹೊಡೆತ ಕೈಯಲ್ಲಿ ಉಳಿದಿತ್ತು. ಎರಡು ಹೋಲ್‌ಗಳಲ್ಲಿ ನಿಗದಿಗಿಂತ ಒಂದು ಹೊಡೆತ ಹೆಚ್ಚಾದರೂ ನಡೆಯುತ್ತದೆ, ಎರಡಾದರೆ ಇಲ್ಲ.

ಹದಿನೇಳನೆಯದು ಚಿಕ್ಕ ಹೋಲ್, ಮೂರು ಹೊಡೆತದ್ದು. ನಡುವೆ ಕೊಳ, ಆಚೆ ಗ್ರೀನ್. ಅಳಿಯ ಚೆನ್ನಾಗಿಯೇ ಹೊಡೆದ. ಚೆಂಡು ನೀರು ದಾಟಿ ಹುಲ್ಲಿಗೆ ಬಿತ್ತು, ಜನ ಚಪ್ಪಾಳೆ ತಟ್ಟಿದರು. ನಿಂತ ಚೆಂಡು ಯಾಕೋ ಮನಸ್ಸು ಬದಲಾಯಿಸಿತು. ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿತು. ನಿಧಾನವಾಗಿ, ಸಂಜೆ ವಾಕಿಂಗ್ ಹೊರಟವರ ಹಾಗೆ, ದಡದವರೆಗೆ ಬಂತು. ಅಲ್ಲಿ ಒಂದು ಕ್ಷಣ ತಡೆದು, ಗುಳುಕ್ ಎಂದು ನೀರಿಗಿಳಿಯಿತು.

ಅಳಿಯನ ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು. “ಹೋಗಲಿ ಬಿಡಿ ಅತ್ತೆ,” ಎಂದ ಸಣ್ಣ ದನಿಯಲ್ಲಿ.

ಆ ಸಣ್ಣ ದನಿಯೇ ಅವಳನ್ನು ಕೆಡಿಸಿತು. ಪೆಪ್ಪರ್‌ಮೆಂಟು ಉಗಿದಳು. ಚೀಲವನ್ನು ನೆಲಕ್ಕೆ ಕುಕ್ಕಿದಳು. ಆಮೇಲೆ ಅತ್ತೆ ಬಾಯಿ ಬಿಟ್ಟಳು. ಮೊದಲು ಚೆಂಡಿಗೆ ಬೈದಳು. ಆಮೇಲೆ ಕೊಳಕ್ಕೆ, ಕೊಳ ತೋಡಿಸಿದವನಿಗೆ, ಅವನಿಗೆ ಹಾರೆ ಕೊಟ್ಟವನಿಗೆ, ಆ ಇಳಿಜಾರನ್ನು ನಕ್ಷೆಯಲ್ಲಿ ಬರೆದವನಿಗೆ, ಅವನನ್ನು ಹೆತ್ತು ಶಾಲೆಗೆ ಕಳಿಸಿದವರಿಗೆ. ಏಳು ವರ್ಷದ ಬಡ್ಡಿ ಸೇರಿ ಬೈಗುಳ ಹೊರಬಂತು. ಯಾವ ಮಾತೂ ಎರಡು ಸಲ ಬರಲಿಲ್ಲ. ಕೊಳದಲ್ಲಿದ್ದ ಬಾತುಗಳು ಆಚೆ ದಡಕ್ಕೆ ಹೋದವು. ಪ್ರೇಕ್ಷಕರಲ್ಲಿ ಒಬ್ಬ ತನ್ನ ಹೆಂಡತಿಯ ಕಿವಿ ಮುಚ್ಚಿದ. ಅವಳು ಅವನ ಕೈ ತೆಗೆದು ಪಕ್ಕಕ್ಕಿಟ್ಟಳು.

ಉಸಿರು ಮುಗಿದ ಮೇಲೆಯೇ ಅವಳಿಗೆ ತಾನೆಲ್ಲಿದ್ದೇನೆಂದು ನೆನಪಾದದ್ದು. ಅಧಿಕಾರಿ ಆಗಲೇ ಗಾಡಿಯಿಂದ ಇಳಿದು ಬರುತ್ತಿದ್ದ. ವಯಸ್ಸಿನಲ್ಲಿ ಅವಳ ಮಗನಂತಿದ್ದ, ನಾಚಿಕೆಯಿಂದ ನೆಲ ನೋಡುತ್ತಿದ್ದ. “ಈಗ ಬೈದದ್ದು ಯಾರು?” ಎಂದು ಕೇಳಿದ. ಕೇಳುವುದು ನಿಯಮವಂತೆ.

“ನಾನು,” ಎಂದ ಅಳಿಯ.

“ಸಾರ್, ಹೆಂಗಸಿನ ದನಿ ಅದು.”

“ಗಂಟಲು ಕಟ್ಟಿದೆ.”

“ಸುಮ್ನಿರಿ ನೀವು,” ಎಂದಳು ಅತ್ತೆ. “ಬೈದವಳು ನಾನು. ಅದ್ರಲ್ಲಿ ಒಂದಕ್ಷರಾನೂ ಬೇರೆಯವರಿಗೆ ಕೊಡಲ್ಲ.”

ಒಂದು ಹೊಡೆತ ದಂಡ ಬಿತ್ತು. ಅಧಿಕಾರಿ ಗಾಡಿ ಹತ್ತಿ ಹೋದ. ಅತ್ತೆ ತಲೆ ತಗ್ಗಿಸಿ ಚೀಲದ ಪಟ್ಟಿ ಹಿಡಿದು ನಿಂತಳು. ಇಡೀ ವರ್ಷದ ಆಟವನ್ನು ಒಂದು ಉಸಿರಲ್ಲಿ ನೀರಿಗೆ ಹಾಕಿದೆನಲ್ಲ ಎಂದು ಕಣ್ಣು ತುಂಬಿತು. ಪಕ್ಕದಲ್ಲಿ ಗುರ್‌ ಎಂಬ ಸದ್ದು ಕೇಳಿ ನೋಡಿದರೆ ಅಳಿಯ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದಾನೆ. ಅಳುತ್ತಿದ್ದಾನೆಂದುಕೊಂಡಳು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಾನೆ. ನಗು ತಡೆಯಲಾರದೆ ಹುಲ್ಲಿನ ಮೇಲೆ ಕುಳಿತೇಬಿಟ್ಟ.

“ಅತ್ತೆ, ಏಳು ವರ್ಷ ಇದನ್ನೆಲ್ಲ ಎಲ್ಲಿ ಇಟ್ಕೊಂಡಿದ್ರಿ?”

“ಎಲ್ಲಿಟ್ಕೊಳ್ಳಲಿ, ಹೊಟ್ಟೇಲಿ! ನಿನ್ನ ಹೆಂಡ್ತಿ ಬಾಯಿಗೆ ಬೀಗ ಹಾಕಿದ್ಳು.”

“ನನ್ ಬಾಯಿಗೂ ಅವಳೇ ಹಾಕಿದ್ದು!”

ಇಬ್ಬರೂ ನಕ್ಕರು. ನಗುತ್ತಲೇ ಎದ್ದು ಅಳಿಯ ಇನ್ನೊಂದು ಚೆಂಡು ಇಟ್ಟು ನೀರಿನ ಮೇಲಿಂದ ಹೊಡೆದ. ಅದು ಬಾವುಟದ ಬುಡದಲ್ಲಿ ಹೋಗಿ ಕೂತಿತು. ನೀರಿನ ದಂಡ, ಬಾಯಿಯ ದಂಡ ಎಲ್ಲ ಸೇರಿ ಮೂರರ ಹೋಲ್‌ಗೆ ಐದಾಯಿತು. ಈಗ ಕೊನೆಯದನ್ನು, ಐದು ಹೊಡೆತದ ಆ ಉದ್ದನೆಯ ಹೋಲನ್ನು, ನಾಲ್ಕರಲ್ಲಿ ಮುಗಿಸಿದರೆ ಮೇಲಿನ ಟೂರ್. ಇಲ್ಲದಿದ್ದರೆ ಇಲ್ಲ.

ಮೊದಲ ಹೊಡೆತ ನೆಟ್ಟಗೆ ಹೋಯಿತು. ಮುಂದೆ ದೂರದಲ್ಲಿ ಹಳ್ಳ, ಹಳ್ಳದ ಆಚೆ ಗ್ರೀನ್. ಅಭ್ಯಾಸ ಬಲದಿಂದ ಅಳಿಯ ಕೇಳಿದ: “ಏನ್ ಮಾಡ್ಲಿ ಅತ್ತೆ?”

“ಏನ್ ಮಾಡೋದು ಅಂದ್ರೆ? ಹಳ್ಳ ಹಾರಿಸು!” ಎಂದು ಅವಳು ಉದ್ದನೆಯ ಕೋಲನ್ನೇ ಹಿರಿದು ಕೈಗಿಟ್ಟಳು. “ಒಂದೇ ಏಟಿಗೆ ಅಲ್ಲಿಗೆ ಹೋಗ್ಬೇಕು.”

“ತಲೆ ಕೆಟ್ಟಿದ್ಯಾ ಅತ್ತೆ ನಿಮಗೆ? ಈ ಗಾಳೀಲಿ ಹಳ್ಳಕ್ಕೇ ಬೀಳುತ್ತೆ. ಈಚೆಗೇ ಇಳಿಸಿ, ಅಲ್ಲಿಂದ ಹತ್ತಿರಕ್ಕೆ ಹೊಡೀತೀನಿ.”

“ಹೆದರ್‌ಪುಕ್ಕಲ!”

“ಹೌದು, ಹೆದರ್‌ಪುಕ್ಕಲನೇ. ಆ ಚಿಕ್ಕ ಕೋಲು ಕೊಡಿ.”

“ಕೊಡಲ್ಲ.”

“ಕೊಡಿ ಅಂದ್ರೆ!”

ಮೈದಾನದ ನಡುವೆ ಇಬ್ಬರೂ ಆ ಚಿಕ್ಕ ಕೋಲನ್ನು ಹಿಡಿದು ಎಳೆದಾಡಿದರು. ಅಂಥ ಜಗಳ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವರ ನಡುವೆ ಮಾತ್ರ ಆಗುವುದು. ಕೊನೆಗೆ ಕೋಲು ಅಳಿಯನ ಕೈಗೆ ಹೋಯಿತು. ಅವನು ಹಳ್ಳದ ಈಚೆಗೆ, ತನಗೆ ಬೇಕಾದಲ್ಲಿ ಇಳಿಸಿದ. ಅತ್ತೆ ದಾರಿಯುದ್ದಕ್ಕೂ ಗೊಣಗಿದಳು. ಮೂರನೆಯ ಹೊಡೆತ ಮೇಲೆದ್ದು, ಬಾವುಟದಿಂದ ಎರಡು ಮಾರು ದೂರದಲ್ಲಿ ಬಿದ್ದು ನಿಂತಾಗಲೂ, “ನಾನು ಹೇಳಿದ ಹಾಗೆ ಹೊಡೆದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ,” ಎಂದಳು.

ಉಳಿದದ್ದು ಒಂದೇ ತಳ್ಳು. ಅವಳು ಚೆಂಡು ಒರೆಸಿ ಕೊಟ್ಟಳು, ಬಾವುಟ ಕಿತ್ತು ಪಕ್ಕಕ್ಕೆ ಸರಿದಳು. ಅಳಿಯ ಬಗ್ಗಿದ. ಅವನ ಭುಜ ಸಡಿಲವಾಗಿತ್ತು, ತುಟಿಯಲ್ಲಿ ಇನ್ನೂ ಜಗಳದ ನಗು ಇತ್ತು. ಚೆಂಡು ಹೊರಟಿತು. ಬಲಕ್ಕೆ ವಾಲಿತು, ನೆಟ್ಟಗಾಯಿತು, ಕುಳಿಯೊಳಗೆ ಬಿದ್ದು ಟಕ್ಕೆಂದಿತು.

“ಸದ್ಯ, ನನ್ ಮಾತು ಕೇಳ್ಲಿಲ್ಲ!” ಎಂದು ಅತ್ತೆ ಕೂಗಿದಳು. ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗ್ರೀನ್ ತುಂಬ ಕುಣಿದಳು. ಬೋಳುತಲೆಯವನು ಬಂದು ಅವಳ ಕೈಯಿಂದ ಬಾವುಟ ಬಿಡಿಸಿ ಕುಳಿಗೆ ಸಿಕ್ಕಿಸಬೇಕಾಯಿತು.

ಮಗಳಿಗೆ ಫೋನ್ ಮಾಡಿದರು. ಅವಳು ಆಸ್ಪತ್ರೆಯ ಮೊಗಸಾಲೆಯಲ್ಲೇ ಕಿರುಚಿದ್ದು ಕೇಳಿಸಿತು. ಕೈಕುಲುಕುವವರೆಲ್ಲ ಕುಲುಕಿ ಹೋದ ಮೇಲೆ, ವ್ಯಾನಿನ ಹಿಂಬಾಗಿಲು ತೆಗೆದು ಅತ್ತೆ ಕೋಲುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಇಳಿಸತೊಡಗಿದಳು. ಕೆಲಸ ಮುಗಿಯಬಾರದೆಂದು ನಿಧಾನವಾಗಿ ಒರೆಸಿದಳು. ಸಂತೋಷದ ಗದ್ದಲ ಇಳಿದಂತೆ ಹಳೆಯ ಸಂಕಟ ಮೇಲೆ ಬಂದಿತ್ತು. ಇವನು ಬಾಯಿಬಿಟ್ಟು ಹೇಳಲಾರ, ತಾನೇ ಹೇಳಿಬಿಡುವುದು ಲೇಸೆಂದು ದನಿ ಸರಿಮಾಡಿಕೊಂಡಳು.

“ನೋಡಿ, ಮೇಲಿನ ಟೂರ್ ಅಂದ್ರೆ ಹುಡುಗಾಟ ಅಲ್ಲ,” ಎಂದಳು, ಮತ್ತೆ ಆ ಬೆಣ್ಣೆಯ ದನಿಯಲ್ಲಿ. “ಬರೋ ವರ್ಷಕ್ಕೆ ಯಾರಾದ್ರೂ ಸರಿಯಾದ ಕ್ಯಾಡಿ ನೋಡ್ಕೊಳ್ಳಿ. ಆಟ ಗೊತ್ತಿರೋ ಒಬ್ಬ ಹುಡುಗನ್ನ. ನನ್ನಿಂದ ಇವತ್ತೇ ಒಂದು ಹೊಡೆತ ಹೋಯ್ತು.”

ಅಳಿಯ ವ್ಯಾನಿನ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ತಲೆ ಎತ್ತಿದ. ಆ ಸರಿಯಾದ ಕ್ಯಾಡಿ, ಆಟ ಗೊತ್ತಿರುವ ಆ ಹುಡುಗ, ಎಲ್ಲಿಗೆ ಹೋಗಬೇಕು, ಹೋಗಿ ಏನು ಮಾಡಿಕೊಳ್ಳಬೇಕು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿದ. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಡಿಪೋದಲ್ಲಿ ಕೂಡ ಅದನ್ನು ಯಾರೂ ಸುಮ್ಮಸುಮ್ಮನೆ ಬಳಸುತ್ತಿರಲಿಲ್ಲ.

ಹೇಳಿದ ಮರುಕ್ಷಣ ಅವನ ಮುಖ ಬಿಳುಚಿತು. ಶೂ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡ. ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ಏಳು ವರ್ಷ ಎಳೆದುಕೊಟ್ಟ ಕುರ್ಚಿಗಳು, ಎದ್ದು ನಿಂತ ಮರ್ಯಾದೆಗಳು, ಮಂಡಿ ನೋವಿನ ವಿಚಾರಣೆಗಳು, ಅವೆಲ್ಲ ಅವಳನ್ನು ಪಡಸಾಲೆಯಲ್ಲೇ ಕೂರಿಸಿದ್ದವು. ಈ ಒಂದು ಕೊಳಕು ಮಾತು ಅವಳನ್ನು ಕೈಹಿಡಿದು ಒಳಮನೆಗೆ ಕರೆದುಕೊಂಡಿತ್ತು. ಇದರಲ್ಲಿ ಮುಲಾಜಿನ ಲವಲೇಶವೂ ಇರಲಿಲ್ಲ. ಅವಳಿಗೆ ಅಳು ಬಂತು, ಅದರ ಜೊತೆಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗುವೂ ಬಂತು.

“ಏನಂದೆ?” ಎಂದಳು.

“ತಪ್ಪಾಯ್ತು ಅತ್ತೆ.”

“ತಪ್ಪು ಗಿಪ್ಪು ಆಮೇಲೆ. ಇನ್ನೊಂದ್ಸಲ ಹೇಳು.”

ಅಳಿಯ ಸುತ್ತ ಒಮ್ಮೆ ನೋಡಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದ.